ಸೀಳು ಅಂಗುಳದ ಆಪರೇಷನ್ ಆದರೂ ಮಗು ‘ಅಪ್ಪ’ ಅನ್ನುತ್ತಿಲ್ಲ, ಬಲೂನು ಊದಿಸಬೇಕೇ?

ಬೇಡ. ಬಲೂನು, ಪೀಪಿ, ಸ್ಟ್ರಾ ಯಾವುದೂ ಬೇಡ. ಊದುವಾಗ ಅಂಗುಳ ಕೆಲಸ ಮಾಡುವ ಬಗೆ ಬೇರೆ, ಮಾತಾಡುವಾಗಿನ ಬಗೆ ಬೇರೆ. ಎಷ್ಟು ಊದಿಸಿದರೂ ಮಾತಿಗೆ ಉಪಯೋಗವಿಲ್ಲ.

11 ತಿಂಗಳಿಗೆ ಆಪರೇಷನ್ ಆದ ಮಗಳು ಈಗ ಒಂದೂವರೆ ವರ್ಷಕ್ಕೆ ‘ಅಮ್ಮ’ ಚೆನ್ನಾಗಿ ಅಂತಾಳೆ, ‘ಅಪ್ಪ’ ಅನ್ನಲು ಹೋದರೆ ಗಂಟಲಲ್ಲಿ ತಡೆದ ಹಾಗೆ ‘ಅ-ಅ’ ಅಂತಾಳೆ ಎಂದಿದ್ದೀರಿ. ‘ಮ’, ‘ನ’ಗಳಿಗೆ ಗಾಳಿ ಮೂಗಿನಿಂದಲೇ ಹೋಗಬೇಕು, ಅದಕ್ಕೇ ಅವು ಸಲೀಸು. ಪ, ಬ, ತ, ಕ, ಚ, ಸಗಳಿಗೆ ಮೆದು ಅಂಗುಳ (ಅಂಗುಳದ ಹಿಂಬದಿಯ ಮೆತ್ತನೆ ಭಾಗ) ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು, ಬಾಯಲ್ಲಿ ಗಾಳಿಯ ಒತ್ತಡ ನಿಲ್ಲಬೇಕು. ಸೀಳು ಇದ್ದಾಗ ಅದು ಆಗದೆ ಮಗು ಗಾಳಿಯನ್ನು ಕೆಳಗೇ, ಧ್ವನಿತಂತುಗಳ ಬಳಿ ತಡೆಯಲು ಕಲಿಯುತ್ತದೆ. ಅಂಗುಳ ಕೂಡಿದರೂ ಈ ಅಭ್ಯಾಸ ಉಳಿಯಬಹುದು. ಅದನ್ನು ಬಿಡಿಸಲು ಸ್ಪೀಚ್ ಥೆರಪಿ ಬೇಕು.

ಮನೆಯಲ್ಲಿ ಹೀಗೆ ಮಾಡಿ: ಮುಖ ಎದುರಿಗಿಟ್ಟು ತುಟಿ ಮುಚ್ಚಿ, ಪಿಸುದನಿಯಲ್ಲಿ ‘ಪ್-ಹಾ’ ಅನ್ನಿ, ‘ಹಾ’ ಸ್ವಲ್ಪ ಎಳೆಯಿರಿ. ‘ಹ’ಕಾರಕ್ಕೆ ಧ್ವನಿತಂತುಗಳು ತೆರೆದಿರಬೇಕಾದ್ದರಿಂದ ಗಂಟಲಲ್ಲಿ ತಡೆಯುವುದು ಕಷ್ಟ. ಅವಳ ಅಂಗೈಯನ್ನು ನಿಮ್ಮ ಬಾಯಿ ಮುಂದೆ ಹಿಡಿದು ಗಾಳಿ ತಾಗಿಸಿ. ಆಟದ ನಡುವೆ ನಾಲ್ಕೈದು ನಿಮಿಷ, ದಿನಕ್ಕೆ ಹಲವು ಸಲ ಸಾಕು. ಅವಳು ‘ಅ-ಅ’ ಅಂದಾಗ ‘ಹೂಂ, ಅಪ್ಪ ಬಂದ್ರು’ ಎಂದು ಅರ್ಥಕ್ಕೆ ಉತ್ತರ ಕೊಡಿ. ಆ ಸದ್ದನ್ನೇ ಅನುಕರಿಸಿ ನಗುವುದನ್ನು ಅಜ್ಜಿ-ತಾತನೂ ನಿಲ್ಲಿಸಬೇಕು. ಮುದ್ದಿನಲ್ಲಿ ಆ ಅಭ್ಯಾಸವೇ ಗಟ್ಟಿಯಾಗುತ್ತದೆ.

ಕಿವಿ ತೋರಿಸಿದ್ದೀರಾ? ಅಂಗುಳ ಎತ್ತುವ ಸ್ನಾಯುಗಳ ಪಕ್ಕದವೇ ಕಿವಿಯಿಂದ ಮೂಗಿನ ಹಿಂಬದಿಗೆ ಹೋಗುವ ಒಳನಾಳವನ್ನೂ ತೆರೆಯುತ್ತವೆ. ಸೀಳಿದ್ದರೆ ಅವೂ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ತಮಟೆಯ ಹಿಂದೆ ದ್ರವ ಕಟ್ಟುತ್ತದೆ, ನೋವೇ ಇಲ್ಲದೆ ಕೇಳಿಸುವುದು ಮಂದವಾಗುತ್ತದೆ. ತಮಟೆಯ ಹಿಂದೆ ದ್ರವ ಇದೆಯೇ ಎಂದು ನೋಡುವ ಟಿಂಪನೊಮೆಟ್ರಿ ಪರೀಕ್ಷೆ ಮಾಡಿಸಿ.

ಇನ್ನು ಗಾಳಿ ಸೋರಿಕೆ. ಅವಳು ‘ಪಪಪ’ ಅನ್ನಲು ಕಲಿತ ಮೇಲೆ ಮೂಗಿನ ಕೆಳಗೆ ತಣ್ಣನೆ ಕನ್ನಡಿ ಹಿಡಿಯಿರಿ. ಆ ಸದ್ದಿಗೇ ಮಂಜು ಕಟ್ಟಿದರೆ ಗಾಳಿ ಮೂಗಿಗೆ ಹೋಗುತ್ತಿದೆ. ಮೂಗಿನ ದಾರಿ ಮುಚ್ಚಲಾಗದಷ್ಟು ಅಂಗುಳ ಗಿಡ್ಡವಾಗಿದ್ದರೆ ಥೆರಪಿಯಿಂದ ಅದು ಉದ್ದವಾಗದು. ಸಾಮಾನ್ಯವಾಗಿ 3-4 ವರ್ಷದ ಹೊತ್ತಿಗೆ, ಮಗು ಹೇಳಿದ್ದನ್ನು ಹೇಳುವಂತಾದಾಗ, ಮೂಗಿನಿಂದ ಎಂಡೋಸ್ಕೋಪಿ ಮಾಡಿ ಎರಡನೇ ಆಪರೇಷನ್ ಬೇಕೇ ಎಂದು ನೋಡುತ್ತಾರೆ. ಹಾಲು ಈಗಲೂ ಮೂಗಿನಿಂದ ಬರುತ್ತಿದ್ದರೆ ಮಾತ್ರ ಕಾಯಬೇಡಿ, ಹೊಲಿಗೆಯಲ್ಲಿ ರಂಧ್ರ ಉಳಿದಿರಬಹುದು, ಸರ್ಜನ್‌ಗೆ ತೋರಿಸಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಕಿವಿ ಎರಡನ್ನೂ ನೋಡುತ್ತಾರೆ. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಒಯ್ಯಿರಿ, ಮನೆಯಲ್ಲಿ ಆಡುವಾಗಿನ ಎರಡು ನಿಮಿಷದ ವಿಡಿಯೊವನ್ನೂ. ಹೊಸ ಜಾಗದಲ್ಲಿ ಈ ವಯಸ್ಸಿನ ಮಕ್ಕಳು ಬಾಯಿ ಬಿಡುವುದಿಲ್ಲ.