ಹಾಸನದಲ್ಲಿ ಎಂಎ ಮುಗಿಸಿ ಕೆಸೆಟ್ ಪಾಸಾಗಿದ್ದೇನೆ, ಪಿಎಚ್‌ಡಿಗೆ ಫೆಲೋಶಿಪ್ ಸಿಗುತ್ತಾ?

ಕೆಸೆಟ್ ಮೇಲೆ ಫೆಲೋಶಿಪ್ ಬರುವುದಿಲ್ಲ. ಅದು ರಾಜ್ಯ ಮಟ್ಟದ ಪರೀಕ್ಷೆ, ಸಹಾಯಕ ಪ್ರಾಧ್ಯಾಪಕರಾಗಲು ಅರ್ಹತೆ ಮಾತ್ರ. ಹಾಸನದ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿಯಲ್ಲಿ ಓದುವಾಗ ನಾನೂ ಈ ಅರ್ಹತೆ, ಫೆಲೋಶಿಪ್ ಎರಡೂ ಒಂದೇ ಅಂದುಕೊಂಡು ಒಂದು ವರ್ಷ ಸುಮ್ನೆ ಕಳೆದುಕೊಂಡೆ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ನಿಮಗೆ ಬೇಕಿರುವುದು ರಾಷ್ಟ್ರ ಮಟ್ಟದ ಯುಜಿಸಿ ನೆಟ್ ಪರೀಕ್ಷೆಯ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್. ವರ್ಷಕ್ಕೆ ಎರಡು ಸಲ ಪರೀಕ್ಷೆ, ಜೂನ್ ಮತ್ತು ಡಿಸೆಂಬರ್ ಸರದಿ. 2023ರ ಜನವರಿಯಿಂದ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ವಯಸ್ಸು ಮೊದಲು ನೋಡಿಕೊಳ್ಳಿ. ಜನರಲ್‌ನವರಿಗೆ 30 ದಾಟಿರಬಾರದು, ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಯವರಿಗೆ 5 ವರ್ಷ ಸಡಿಲಿಕೆ ಇದೆ.

ಜೆಆರ್‌ಎಫ್ ಪತ್ರ ಬಂದ ಮೇಲೆ 3 ವರ್ಷದೊಳಗೆ ಪಿಎಚ್‌ಡಿಗೆ ಸೇರಬೇಕು ಅಲ್ವಾ, ಹಾಗಾಗಿ ಯಾವ ಗೈಡ್ ಹತ್ತಿರ ಸೀಟು ಖಾಲಿ ಇದೆ ಅಂತ ಈಗಿಂದಲೇ ವಿಚಾರಿಸಿ, ಪರೀಕ್ಷೆಗಿಂತ ಅದೇ ಜಾಸ್ತಿ ಓಡಾಡಿಸುತ್ತದೆ.