ಕಬ್ಬು ನೋಂದಣಿ ಫಾರ್ಮ್ ತುಂಬೂದ್ರಾಗ ಲಾಗಿನ್ ಯಾಕ ಹೋಗತೈತಿ?

ಮುಧೋಳದ ಕಡೆ ರೈತರು ಮೊಬೈಲ್‌ನಾಗ ಕಬ್ಬಿನ ನೋಂದಣಿ ತುಂಬಿ ಸಲ್ಲಿಸೂ ಹೊತ್ತಿಗೆ ಮತ್ತ ಲಾಗಿನ್ ಪುಟ ಬರತೈತಿ, ಸೈಟ್ ಪಿಎಚ್‌ಪಿ ಭಾಷೆದಾಗ ಐತಿ, ಲೋಡ್ ಬ್ಯಾಲನ್ಸರ್ (ಬಂದ ರಿಕ್ವೆಸ್ಟ್ ಸರ್ವರ್‌ಗಳಿಗೆ ಹಂಚೂದು) ಹಿಂದ ಎರಡು ಉಬುಂಟು ಲಿನಕ್ಸ್ ಸರ್ವರ್ ಅದಾವ ಅಂತ ಬರದೀರಿ. ಇಂಥಲ್ಲಿ ಎರಡು ಬ್ಯಾರೆ ತೊಂದ್ರಿ ಒಂದರಂಗ ಕಾಣತಾವ. ಯಾವುದಂತ ಮೊದಲು ನೋಡ್ರಿ.

ಲಾಗಿನ್ ಆಗಿ ಎರಡು ಮೂರು ಪುಟ ತಿರುವೂದ್ರಾಗ ಹೊರಗ ಬಿದ್ರ, ಅವಧಿ ಮುಗದದ್ದಲ್ಲ. ಸೆಷನ್ ಫೈಲ್ (ಯಾರು ಲಾಗಿನ್ ಆಗ್ಯಾರ ಅನ್ನೂದನ್ನ ಒಂದು ಐಡಿ ಮ್ಯಾಲೆ ನೆನಪಿಡೂ ಫೈಲ್) ಒಂದು ಸರ್ವರಿನ ಡಿಸ್ಕಿನಾಗ ಐತಿ, ಮುಂದಿನ ರಿಕ್ವೆಸ್ಟ್ ಇನ್ನೊಂದಕ್ಕ ಹೋತು, ಅಲ್ಲಿ ಆ ಐಡಿ ಇಲ್ಲ. ಒಂದು ಸರ್ವರನ್ನ ಬ್ಯಾಲನ್ಸರಿನಿಂದ ತಗದು ನೋಡ್ರಿ, ತೊಂದ್ರಿ ನಿಂತ್ರ ಇದ ಕಾರಣ. ಎರಡಕ್ಕೂ ಸೇರಿ ಒಂದ ರೆಡಿಸ್ (ಮೆಮರಿಯಾಗ ಡೇಟಾ ಇಡೂ ತಂತ್ರಾಂಶ) ಇಡ್ರಿ: ಪಿಎಚ್‌ಪಿ ರೆಡಿಸ್ ಎಕ್ಸ್‌ಟೆನ್ಶನ್ ಹಾಕಿ, ಸೇವ್ ಹ್ಯಾಂಡ್ಲರ್ (ಸೆಷನ್ ಎಲ್ಲಿ ಉಳಿಸಬೇಕನ್ನೂ ಸೆಟ್ಟಿಂಗ್) ರೆಡಿಸ್‌ಗೆ ಬದಲಿಸಿ, ಸೇವ್ ಪಾತ್‌ನಾಗ ಒಳಗಿನ ನೆಟ್‌ವರ್ಕಿನ ಐಪಿ, ಪೋರ್ಟ್ 6379 ಕೊಡ್ರಿ. ಅದರಾಗ ಕ್ಯಾಶ್ (ಲಗೂ ಸಿಗಲಿ ಅಂತ ಇಡೂ ತಾತ್ಕಾಲಿಕ ನಕಲು) ಕೂಡಸಬ್ಯಾಡ್ರಿ. ಮೆಮರಿ ತುಂಬಿದಾಗ ಹಳೇ ಕೀ ತಗಿಯೂ ಸೆಟ್ಟಿಂಗ್ ಇದ್ರ ಸೆಷನ್‌ಗಳೂ ಹೋಗತಾವ.

ಅರ್ಧ ತಾಸಿನ ಸುಮಾರಿಗೆ ಹೋಗೂದಾದ್ರ, ಅದು ಜಿಸಿ ಮ್ಯಾಕ್ಸ್‌ಲೈಫ್‌ಟೈಮ್, ಅಂದ್ರ ಬಳಸದ ಸೆಷನ್ ಎಷ್ಟು ಹೊತ್ತು ಇಡಬೇಕನ್ನೂ ಪಿಎಚ್‌ಪಿ ಸೆಟ್ಟಿಂಗ್. ಮೂಲದಾಗ 1440 ಸೆಕೆಂಡ್, ಅಂದ್ರ 24 ನಿಮಿಷ. ರೈತ ಉತಾರ ಹುಡುಕಿ, ಪಾಸ್‌ಬುಕ್ಕಿನ ಫೋಟೊ ತಗಿಯೂದ್ರಾಗ ಅಷ್ಟು ಹೊತ್ತು ಆಗೇ ಆಗತೈತಿ, ನಡುವ ಸರ್ವರಿಗೆ ಒಂದೂ ರಿಕ್ವೆಸ್ಟ್ ಹೋಗಿರೂದಿಲ್ಲ. ಭಾಳ ಮಂದಿ ಕೋಡಿನಾಗ ಇನಿ-ಸೆಟ್ (ಸೆಟ್ಟಿಂಗ್ ಬದಲಿಸೂ ಫಂಕ್ಷನ್) ಹಾಕಿ ‘ಫರಕ್ ಆಗಲಿಲ್ಲ’ ಅಂತಾರ. ಉಬುಂಟುದಾಗ ಹಳೇ ಸೆಷನ್ ಫೈಲ್ ಅಳಸೂದು ಪ್ರತಿ 30 ನಿಮಿಷಕ್ಕ ಓಡೂ ಬ್ಯಾರೆ ಸ್ಕ್ರಿಪ್ಟ್. ಅದು ಪಿಎಚ್‌ಪಿ ಇನಿ ಫೈಲಿನ (ಪಿಎಚ್‌ಪಿ ಸೆಟ್ಟಿಂಗ್ ಫೈಲಿನ) ಬೆಲೆ ಅಷ್ಟ ಓದತೈತಿ, ನಿಮ್ಮ ಕೋಡ್ ಅದಕ್ಕ ಕಾಣೂದಿಲ್ಲ. ಹಂಗಾಗಿ ಇನಿ ಫೈಲಿನಾಗ 7200 ಸೆಕೆಂಡ್, ಅಂದ್ರ ಎರಡು ತಾಸು ಮಾಡ್ರಿ. ರೆಡಿಸ್‌ಗೆ ಹೋದ್ರೂ ಕೀಯ ಆಯುಷ್ಯ ಇದ ಬೆಲೆಯಿಂದ ಬರತೈತಿ.

ಖರೇ ಹೇಳಬೇಕಂದ್ರ, ಅವಧಿ ಹೆಚ್ಚಿಸೂದು ಅರ್ಧ ಪರಿಹಾರ. ತುಂಬಿದ ಫಾರ್ಮ್ ಸೆಷನ್ ಮ್ಯಾಲೆ ನಿಂತಿರಬಾರದು. ಒಂದೊಂದು ಭಾಗ ಮುಗದಂಗ ರೈತನ ಐಡಿ ಹಚ್ಚಿ ಡೇಟಾಬೇಸಿನಾಗ ಕರಡು ಉಳಿಸ್ರಿ. ಮರಳಿ ಲಾಗಿನ್ ಆದ್ರ ಬಿಟ್ಟಲ್ಲಿಂದ ಶುರು ಆಗಲಿ. ಉಳಿಸೂ ಆ ರಿಕ್ವೆಸ್ಟ್ ಸೆಷನ್ನಿಗೂ ಜೀವ ಕೊಡತೈತಿ.

ಸೆಷನ್ನನ್ನ ಐಪಿಗೆ ಕಟ್ಟಬ್ಯಾಡ್ರಿ, ಮೊಬೈಲ್ ನೆಟ್‌ವರ್ಕಿನಾಗ ಐಪಿ ನಡುವ ಬದಲಾಗತೈತಿ. ಸೆಷನ್ ಐಡಿಯನ್ನ ಲಾಗಿನ್ ಆದ ಕೂಡಲೇ ಒಮ್ಮೆ ಬದಲಿಸೂದು ಬೇಕೇ ಬೇಕು, ಇಲ್ಲಂದ್ರ ಮೊದಲ ಗೊತ್ತಿದ್ದ ಐಡಿ ಇಟ್ಕೊಂಡು ಯಾರರೆ ಒಳಗ ಬರತಾರ. ಆದ್ರ ಪ್ರತಿ ಪುಟಕ್ಕೂ ಹಳೇದನ್ನ ಅಳಿಸಿ ಬದಲಿಸಿದ್ರ, ಸಿಗ್ನಲ್ ಕಡದು ಹೊಸ ಕುಕಿ (ಬ್ರೌಸರಿನಾಗ ಐಡಿ ಇಡೂ ಸಣ್ಣ ತುಣುಕು) ಫೋನಿಗೆ ಮುಟ್ಟಲಿಲ್ಲ ಅಂದ್ರ ಹಳೇದು ಅಳಿಸಿರತೈತಿ, ರೈತ ಹೊರಗ ಬೀಳತಾನ. ಕುಕಿಗೆ ಎಚ್‌ಟಿಟಿಪಿ-ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಲ್ಯಾಕ್ಸ್ ಮೂರೂ ಸುರಕ್ಷತೆಯ ಸೆಟ್ಟಿಂಗ್ ಹಾಕ್ರಿ.