ಒಡ್ಡು ಎತ್ತರಿಸಿದರೆ ಸಾಲದೇ?

ಕುಮಟಾದಿಂದ ಬರೆದ ಓದುಗರೇ, ನಮಸ್ಕಾರ.

ಬಾಂಗ್ಲಾದೇಶದ ಕರಾವಳಿಯ ಭೂದೃಶ್ಯ ವಿನ್ಯಾಸದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, “ನೀರು ಏರಿದರೆ ಒಡ್ಡು ಏರಿಸಬೇಕು. ಅದು ಇಂಜಿನಿಯರರ ಕೆಲಸ, ತೋಟ ಮಾಡುವವರಿಗೆ ಅಲ್ಲೇನು ಕೆಲಸ?” ಎಂದು ಕೇಳಿದ್ದೀರಿ. ಉಬ್ಬರದ ಉಪ್ಪುನೀರು ಬರುವ ಕರಾವಳಿಯ ತಗ್ಗುಗದ್ದೆಯ, ನಿಮ್ಮ ಗಜನಿಯ, ಒಡ್ಡು ಕಾದವರ ಪ್ರಶ್ನೆ ಇದು, ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಬಾಂಗ್ಲಾದೇಶದಲ್ಲಿ ಒಡ್ಡಿನಿಂದಲೇ ಕಾಯಿಲೆ ಶುರುವಾಯಿತು. 1960ರ ದಶಕದಿಂದ ನಡುಗಡ್ಡೆಗಳ ಸುತ್ತ ಮಣ್ಣಿನ ಒಡ್ಡು ಹಾಕಿ ಪೋಲ್ಡರ್, ಅಂದರೆ ಒಡ್ಡಿನೊಳಗಿನ ನೆಲ, ಮಾಡಿದರು. ಉಪ್ಪುನೀರು ಒಳಬರುವುದು ನಿಂತಿತು, ಭತ್ತ ಬಂತು. ಜೊತೆಗೆ, ಉಬ್ಬರ ದಿನಕ್ಕೆರಡು ಸಲ ಹೊತ್ತು ತರುತ್ತಿದ್ದ ಹೂಳು ಬರುವುದೂ ನಿಂತಿತು. ಒಳಗಿನ ನೆಲ ಕುಸಿಯುತ್ತ ಹೋಯಿತು. ಹೂಳು ಹೊರಗೇ ಕೂತು ನದಿಯ ಪಾತ್ರ ಮೇಲೆದ್ದಿತು. ಮಳೆನೀರಿಗೆ ಹೋಗಲು ದಾರಿಯಿಲ್ಲ. 2009ರಲ್ಲಿ ಐಲಾ ಚಂಡಮಾರುತ ಖುಲ್ನಾ ಕಡೆಯ 32ನೇ ಪೋಲ್ಡರಿನ ಒಡ್ಡು ಒಡೆದಾಗ, ಒಳನೆಲ ಉಬ್ಬರದ ಮಟ್ಟಕ್ಕಿಂತ ಒಂದು ಮೀಟರಿಗೂ ಹೆಚ್ಚು ಕೆಳಗಿತ್ತು. ಸುಮಾರು ಎರಡು ವರ್ಷ ನೀರು ಬಂದು ಹೋಗುತ್ತಲೇ ಇತ್ತು. ಜನ ಪಟ್ಟ ಪಾಡು ಹೇಳತೀರದು. ಆದರೆ ಗದ್ದೆಗಳ ಮೇಲೆ ಹತ್ತಾರು ಸೆಂಟಿಮೀಟರ್ ಹೊಸ ಹೂಳು ಕೂತಿತ್ತು.

ಈ ಗುಟ್ಟು ಅಲ್ಲಿನ ರೈತರಿಗೆ ಮೊದಲೇ ಗೊತ್ತಿತ್ತು. 1997ರಲ್ಲಿ ಬೀಲ್ ಭೈನಾ ಎಂಬ ತಗ್ಗಿನ ಒಡ್ಡನ್ನು ತಾವೇ ಕಡಿದು ಹರಿ ನದಿಯ ಉಬ್ಬರವನ್ನು ಒಳಗೆ ಬಿಟ್ಟುಕೊಂಡರು. ನಾಲ್ಕೈದು ವರ್ಷದಲ್ಲಿ ತಗ್ಗು ಮೇಲೆದ್ದಿತು, ನದಿ ಆಳವಾಯಿತು. ಅದಕ್ಕೆ ‘ಉಬ್ಬರನದಿ ನಿರ್ವಹಣೆ’ ಎಂಬ ದೊಡ್ಡ ಹೆಸರು ಆಮೇಲೆ ಅಂಟಿಕೊಂಡಿತು.

ಯಾವ ತಗ್ಗಿಗೆ ಎಷ್ಟು ವರ್ಷ ನೀರು ಬಿಡಬೇಕು, ಅಲ್ಲಿಯವರೆಗೆ ಮನೆ, ದಾರಿ, ಕೊಟ್ಟಿಗೆ ಎಲ್ಲಿರಬೇಕು? ತೋಟ ಮಾಡುವವರಿಗೆ ಏನು ಕೆಲಸ ಎಂದು ಕೇಳಿದಿರಲ್ಲ, ಆ ಕೆಲಸ ಇಲ್ಲಿದೆ. ಒಡ್ಡಿಗೇ ಹೆಸರಾದ ನೆದರ್‌ಲ್ಯಾಂಡ್ಸ್‌ನ ಓವರ್‌ಡೀಪ್ಸೆ ಪೋಲ್ಡರಿನಲ್ಲೂ ನೆರೆನೀರು ಒಳಗೆ ಬರಲೆಂದು ನದಿಯ ಕಡೆಯ ಒಡ್ಡನ್ನು ತಗ್ಗಿಸಿ, ಹೈನುಗಾರರ ಮನೆ-ಕೊಟ್ಟಿಗೆಗಳನ್ನು ದಿಬ್ಬಗಳ ಮೇಲೆ ಕಟ್ಟಿದರು. ದಿಬ್ಬದ ಯೋಚನೆ ರೈತರದೇ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ವರ್ಷಗಟ್ಟಲೆ ಗದ್ದೆ ಮುಳುಗಿಸಿಕೊಂಡವನ ಹೊಟ್ಟೆಪಾಡಿನ ಬಗ್ಗೆ ನಮ್ಮ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಬಾಂಗ್ಲಾದೇಶದ ಬೀಲ್ ಕಪಾಲಿಯಾ ಎಂಬ ತಗ್ಗಿನಲ್ಲಿ ರೈತರು ತಿರುಗಿಬಿದ್ದು, ಉಬ್ಬರವನ್ನು ಒಳಗೆ ಬಿಡುವ ಇದೇ ಯೋಜನೆಯನ್ನು ತಡೆದರು. ಪರಿಹಾರದ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ.

ನಿಮ್ಮಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಕೊಯ್ದ ಮೇಲೆ ಗಜನಿಗೆ ನೀರು ಬಿಡುವ ದಿನವನ್ನು ಯಾರು ಗೊತ್ತುಮಾಡುತ್ತಾರೆ, ಮೀನು-ಸಿಗಡಿಯ ಪಾಲು ಯಾರಿಗೆ ಹೇಗೆ? ಬರೆದು ಕಳಿಸಿ, ಅಚ್ಚುಹಾಕುತ್ತೇವೆ.

— ಸಂಪಾದಕ